ಗಾಳಿಯ ನೀರಾವಿಯಲ್ಲಿ ಐಸೋಟೋಪ್ ಅಳೆಯುವ ಬಗೆ: ಮೈಸೂರು–ಮಂಡ್ಯ ಸೀಮೆಗೆ ಸಮಗ್ರ ಮಾರ್ಗದರ್ಶಿ

ಲೇಸರ್ ವಿಶ್ಲೇಷಕವನ್ನು ಪೆಟ್ಟಿಗೆಯಿಂದ ಹೊರತೆಗೆದು, ಪಂಪಿಗೆ ಜೋಡಿಸಿ, ಸ್ವಿಚ್ಚು ಹಾಕಿದ ಕೆಲವು ಗಂಟೆಗಳಲ್ಲಿ ಅದು ಸೆಕೆಂಡಿಗೊಂದರಂತೆ ಅಂಕಿಗಳನ್ನು ಕೊಡತೊಡಗುತ್ತದೆ. ಪರದೆಯ ಮೇಲೆ ಸಾಲುಗಟ್ಟಿ ಬರುವ ಆ ಅಂಕಿಗಳನ್ನು ನೋಡಿ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಯಂತ್ರವು ತನ್ನ ಹೊಟ್ಟೆಗೆ ಬಂದು ಸೇರಿದ ಗಾಳಿಯನ್ನು ಮಾತ್ರ ಅಳೆಯಬಲ್ಲದು. ಆ ಗಾಳಿ ಹೊರಗಿನ ಗಾಳಿಯೇ ಹೌದೋ ಅಲ್ಲವೋ ಎಂಬುದನ್ನು ಖಚಿತಪಡಿಸುವ ಹೊಣೆ ನಮ್ಮದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಯಂತ್ರದ ಬಗ್ಗೆ ಸ್ವಲ್ಪವೂ, ಅದಕ್ಕೆ ಗಾಳಿ ತರುವ ಕೊಳವೆ ಮತ್ತು ಅದನ್ನು ತಿದ್ದುವ, ಐಸೋಟೋಪ್ ಪಾಲು ಮೊದಲೇ ಗೊತ್ತಿರುವ ಮಾನಕ ನೀರಿನ ಬಗ್ಗೆ ಬಹಳವೂ ಇದೆ.

ಅಳೆಯುವುದು ಏನನ್ನು?

ನೀರಿನ ಹತ್ತು ಲಕ್ಷ ಅಣುಗಳನ್ನು ಎಣಿಸಿದರೆ ಸುಮಾರು 9,97,300 ಅಣುಗಳು ಸಾಮಾನ್ಯ ನೀರಿನವು. ಸುಮಾರು 2,000 ಅಣುಗಳಲ್ಲಿ ಆಮ್ಲಜನಕ-18 ಇರುತ್ತದೆ, 380ರ ಆಸುಪಾಸಿನಲ್ಲಿ ಆಮ್ಲಜನಕ-17, ಇನ್ನು 310ರಷ್ಟರಲ್ಲಿ ಒಂದು ಜಲಜನಕದ ಜಾಗದಲ್ಲಿ ಭಾರದ ಜಲಜನಕವಾದ ಡ್ಯುಟೀರಿಯಂ. ಒಂದೇ ಮೂಲಧಾತುವಿನ ಬೇರೆ ಬೇರೆ ತೂಕದ ಇಂತಹ ಪರಮಾಣುಗಳೇ ಐಸೋಟೋಪುಗಳು. ಇವು ವಿಕಿರಣ ಸೂಸುವುದಿಲ್ಲ, ಕಾಲಕಳೆದಂತೆ ಕ್ಷಯಿಸುವುದೂ ಇಲ್ಲ. ಹಾಗಾಗಿಯೇ ಸ್ಥಿರ ಐಸೋಟೋಪ್ ಎನ್ನುತ್ತೇವೆ. ಭಾರದ ಅಣುಗಳು ಆವಿಯಾಗುವಾಗ ಹಿಂದುಳಿಯುತ್ತವೆ, ಹನಿಗಟ್ಟುವಾಗ ಮುಂದಾಗುತ್ತವೆ. ಕಡಲಿನಿಂದ ಹೊರಟ ಆವಿ ದಾರಿಯುದ್ದಕ್ಕೂ ಮಳೆ ಸುರಿಸುತ್ತಾ ಬಂದಂತೆ ಅದರಲ್ಲಿ ಉಳಿಯುವ ಭಾರದ ಅಣುಗಳ ಪಾಲು ಕುಗ್ಗುತ್ತಾ ಹೋಗುತ್ತದೆ.

ಈ ಪಾಲನ್ನು ನೇರವಾಗಿ ಹೇಳದೆ, ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಒದಗಿಸುವ ಸಾಗರ ನೀರಿನ ಮಾನಕಕ್ಕೆ ಹೋಲಿಸಿ, ಸಾವಿರಕ್ಕೆ ಎಷ್ಟು (‰) ಹೆಚ್ಚು ಅಥವಾ ಕಡಿಮೆ ಎಂದು ಡೆಲ್ಟಾ ಮೌಲ್ಯವಾಗಿ ಬರೆಯುತ್ತಾರೆ. ಆಮ್ಲಜನಕ-18ರದು ಡೆಲ್ಟಾ-18, ಡ್ಯುಟೀರಿಯಮ್ಮಿನದು ಡೆಲ್ಟಾ-ಡಿ. ಆ ಮಾನಕದಲ್ಲಿ ಆಮ್ಲಜನಕ-18ರ ಅನುಪಾತ ಹತ್ತು ಲಕ್ಷಕ್ಕೆ 2005.2, ಡ್ಯುಟೀರಿಯಮ್ಮಿನ ಅನುಪಾತ ಹತ್ತು ಲಕ್ಷಕ್ಕೆ 155.76. ಜಗತ್ತಿನ ಮಳೆನೀರಿನ ಡೆಲ್ಟಾ-ಡಿ ಮೌಲ್ಯ ಸ್ಥೂಲವಾಗಿ ಡೆಲ್ಟಾ-18ರ ಎಂಟು ಪಟ್ಟಿಗೆ ಹತ್ತು ಕೂಡಿಸಿದಷ್ಟಿರುತ್ತದೆಂದು 1961ರಲ್ಲಿ ಹಾರ್ಮನ್ ಕ್ರೇಗ್ ತೋರಿಸಿದರು. ಡೆಲ್ಟಾ-ಡಿಯಿಂದ ಡೆಲ್ಟಾ-18ರ ಎಂಟು ಪಟ್ಟನ್ನು ಕಳೆದರೆ ಸಿಗುವುದು ಡ್ಯುಟೀರಿಯಂ ಅಧಿಕಾಂಶ. ಆವಿ ಹುಟ್ಟಿದ ಜಾಗದ ತೇವಾಂಶ ಎಷ್ಟಿತ್ತು, ದಾರಿಯಲ್ಲಿ ನೆಲದಿಂದ ಮರಳಿ ಎದ್ದ ಆವಿ ಬೆರೆತಿದೆಯೇ ಎಂಬ ಸುಳಿವನ್ನು ಕೊಡುವುದು ಈ ಅಧಿಕಾಂಶವೇ.

ನಮ್ಮ ಸೀಮೆಯಲ್ಲಿ ಈ ಸುಳಿವಿಗೆ ವಿಶೇಷ ಬೆಲೆಯಿದೆ. ಮುಂಗಾರಿನ ಆವಿ ಅರಬ್ಬಿ ಸಮುದ್ರದಿಂದ ಹೊರಟು, ಪಶ್ಚಿಮ ಘಟ್ಟದ ಮೇಲೆ ಬಹುಪಾಲು ಮಳೆ ಸುರಿಸಿ, ಉಳಿದದ್ದನ್ನು ಆಷಾಢದ ಗಾಳಿಯೊಡನೆ ಮೈಸೂರಿಗೆ ತರುತ್ತದೆ. ಹಿಂಗಾರಿನದು ಬಂಗಾಳಕೊಲ್ಲಿಯ ಕಡೆಯಿಂದ ಬರುತ್ತದೆ. ದಕ್ಷಿಣ ಭಾರತದ ಹಿಂಗಾರು ಮಳೆಯಲ್ಲಿ ಭಾರದ ಐಸೋಟೋಪುಗಳು ಮುಂಗಾರಿಗಿಂತ ಸಾಮಾನ್ಯವಾಗಿ ಕಡಿಮೆ. ಇವೆರಡರ ನಡುವೆ ಕನ್ನಂಬಾಡಿಯ ಜಲಾಶಯ, ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆ ಮತ್ತು ಕಬ್ಬಿನ ತೋಟಗಳು ದಿನವಿಡೀ ತಮ್ಮದೇ ಆವಿಯನ್ನು ಬಿಡುತ್ತಿರುತ್ತವೆ. ಮಳೆನೀರನ್ನು ಮಾತ್ರ ಹಿಡಿದು ಅಳೆದರೆ ಮಳೆಯಿಲ್ಲದ ದಿನಗಳ ಕಥೆ ಸಿಗುವುದಿಲ್ಲ. ನೀರಾವಿಯನ್ನು ಅಳೆದರೆ ವರ್ಷಪೂರ್ತಿ ಸಿಗುತ್ತದೆ.

ಯಂತ್ರದೊಳಗೆ ಆಗುವುದೇನು?

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಕ್ಯಾವಿಟಿ ರಿಂಗ್‌ಡೌನ್ ವಿಧಾನ. ಇದರ ಮೊದಲ ರೂಪ 1988ರಲ್ಲಿ ಪ್ರಕಟವಾಯಿತು. ಅತಿ ಹೆಚ್ಚು ಪ್ರತಿಫಲಿಸುವ ಕನ್ನಡಿಗಳಿರುವ ಪುಟ್ಟ ಕುಹರದೊಳಗೆ ಸುಮಾರು 1.39 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ಲೇಸರ್ ಬೆಳಕನ್ನು ತುಂಬಿ, ಥಟ್ಟನೆ ಲೇಸರನ್ನು ಆರಿಸುತ್ತಾರೆ. ಕಂಚಿನ ಗಂಟೆಯನ್ನು ಬಾರಿಸಿ ಬಿಟ್ಟ ಮೇಲೂ ನಾದ ನಿಧಾನವಾಗಿ ಅಡಗುವ ಹಾಗೆ ಬೆಳಕು ಕನ್ನಡಿಗಳ ನಡುವೆ ಸುತ್ತುತ್ತಾ ಕ್ಷೀಣಿಸುತ್ತದೆ. ನಲವತ್ತು ಮೈಕ್ರೋಸೆಕೆಂಡು ಸುತ್ತಿದರೂ ಅದು ಸುಮಾರು 12 ಕಿಲೋಮೀಟರ್ ದಾರಿ ಸವೆಸಿರುತ್ತದೆ. ಅಂದರೆ ಅಂಗೈಯಗಲದ ಕುಹರದಲ್ಲಿ ಮೈಸೂರಿನಿಂದ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋದಂತಾಯಿತು. ಒಳಗೆ ನೀರಾವಿ ಇದ್ದರೆ ಬೆಳಕು ಬೇಗ ಆರುತ್ತದೆ. ಸಾಮಾನ್ಯ ಅಣು, ಆಮ್ಲಜನಕ-18ರ ಅಣು, ಡ್ಯುಟೀರಿಯಮ್ಮಿನ ಅಣು ಬೇರೆ ಬೇರೆ ತರಂಗಾಂತರಗಳಲ್ಲಿ ಬೆಳಕು ಹೀರುವುದರಿಂದ, ಲೇಸರನ್ನು ಆ ರೇಖೆಗಳ ಮೇಲೆ ಹಾಯಿಸಿ ಮೂರರ ಪ್ರಮಾಣವನ್ನೂ ತಿಳಿಯಬಹುದು. ಬೆಳಕನ್ನು ಓರೆಯಾಗಿ ಹಾಯಿಸುವ ಇನ್ನೊಂದು ಬಗೆಯ ಯಂತ್ರವೂ ಇದೆ. ಮುಂದೆ ಹೇಳುವ ಹೆಜ್ಜೆಗಳು ಎರಡಕ್ಕೂ ಅನ್ವಯಿಸುತ್ತವೆ. ಕುಹರದ ಉಷ್ಣಾಂಶ ಮತ್ತು ಒತ್ತಡ ಕದಲದಂತೆ ಯಂತ್ರವೇ ನೋಡಿಕೊಳ್ಳುತ್ತದೆ. ಆ ಎರಡು ಅಂಕಿಗಳು ಸ್ಥಿರವಾಗಿವೆಯೇ ಎಂದು ದಿನಕ್ಕೊಮ್ಮೆ ಕಣ್ಣಾಡಿಸಿದರೆ ಸಾಕು.

ಮೊದಲ ಹೆಜ್ಜೆ: ಜಾಗ

ಎರಡು ಅಂತಸ್ತಿನ ಕಟ್ಟಡದ ತಾರಸಿ, ಸುತ್ತ ತೆರೆದ ಗಾಳಿ ಇರಬೇಕು. ಹತ್ತಿರದಲ್ಲಿ ಹಾಸ್ಟೆಲಿನ ಅಡುಗೆಮನೆಯ ಚಿಮಣಿಯಾಗಲಿ, ಜನರೇಟರಿನ ಹೊಗೆಕೊಳವೆಯಾಗಲಿ ಇರಬಾರದು. ಇಂಧನ ಉರಿದಾಗ ಹುಟ್ಟುವ ನೀರಾವಿಯ ಡ್ಯುಟೀರಿಯಂ ಅಧಿಕಾಂಶ ಬಹಳ ಋಣಾತ್ಮಕವಾಗಿರುತ್ತದೆ. ಸ್ವಲ್ಪ ಬೆರೆತರೂ ಲೆಕ್ಕ ಕೆಡುತ್ತದೆ.

ಮಂಡ್ಯ, ಪಾಂಡವಪುರದ ಕಡೆ ಯಂತ್ರ ಇಡುವವರು ಆಲೆಮನೆಗಳ ಪಟ್ಟಿಯನ್ನು ಮೊದಲು ಮಾಡಿಕೊಳ್ಳಬೇಕು. ಕಬ್ಬಿನ ಹಾಲಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರೇ. ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಸಿ ಅದನ್ನೆಲ್ಲ ಗಾಳಿಗೆ ಬಿಡುತ್ತಾರೆ, ಕೆಳಗೆ ಹಿಂಡಿದ ಸಿಪ್ಪೆ ಉರಿಯುತ್ತಿರುತ್ತದೆ. ಗಾಳಿ ಆ ಕಡೆಯಿಂದ ಬೀಸಿದಾಗ ಅದು ದಾಖಲೆಯಲ್ಲಿ ಸಣ್ಣ ಸಣ್ಣ ಮುಳ್ಳುಗಳಂತೆ ಕಾಣುತ್ತದೆ. ಆಲೆಮನೆಯಿಂದ ಓಡಿಹೋಗಲೇಬೇಕೆಂದು ನಾನು ಹೇಳುವುದಿಲ್ಲ. ಗಾಳಿಯ ದಿಕ್ಕು ಮತ್ತು ವೇಗವನ್ನು ಅದೇ ತಾರಸಿಯಲ್ಲಿ ದಾಖಲಿಸುತ್ತಿದ್ದರೆ ಆ ಹೊತ್ತಿನ ಅಂಕಿಗಳನ್ನು ಗುರುತಿಸಿ ಬೇರ್ಪಡಿಸಬಹುದು. ಗಾಳಿಮಾಪಕ, ಉಷ್ಣಾಂಶ–ತೇವಾಂಶದ ಸಂವೇದಕ, ಮಳೆಮಾಪಕ, ಈ ಮೂರೂ ಇಲ್ಲದೆ ಐಸೋಟೋಪ್ ಯಂತ್ರ ಹೂಡುವುದು ಹಣ ದಂಡ.

ಎರಡನೆಯ ಹೆಜ್ಜೆ: ಕೊಳವೆ

ಇಲ್ಲಿ ಆತುರ ಬೇಡ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 925 ಹೆಕ್ಟೋಪಾಸ್ಕಲಿನ ಆಸುಪಾಸು. ಮುಂಗಾರಿನಲ್ಲಿ ಇಬ್ಬನಿ ಬಿಂದು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆವಿಯ ಒತ್ತಡ 23.4 ಹೆಕ್ಟೋಪಾಸ್ಕಲ್, ಭಾಗಿಸಿ ನೋಡಿದರೆ ಗಾಳಿಯಲ್ಲಿ ನೀರಾವಿ ಸುಮಾರು 25,000 ಪಿಪಿಎಂ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಅಷ್ಟು ನೀರಿನವು). ಅಂದರೆ 20 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯನ್ನು ಮುಟ್ಟಿದರೂ ಆ ಗಾಳಿ ಬೆವರುತ್ತದೆ. ಲೇಸರ್ ಯಂತ್ರವಿರುವ ಕೋಣೆಯಲ್ಲಿ ಏಸಿ ಇರುತ್ತದೆ. ಅಪಾಯ ಎಲ್ಲಿದೆಯೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ತಾರಸಿಯಿಂದ ಯಂತ್ರದವರೆಗೆ ಕೊಳವೆಗೆ ಹೀಟಿಂಗ್ ಟೇಪು ಸುತ್ತಿದ್ದೆವು, ಗೋಡೆಯ ತೂತಿನೊಳಗಿನ ಒಂದು ಗೇಣು ಮಾತ್ರ ಟೇಪಿಲ್ಲದೆ ಉಳಿದಿತ್ತು. ಕೋಣೆಯ ಏಸಿ 18 ಡಿಗ್ರಿಗೆ ಓಡುತ್ತಿತ್ತು. ಜುಲೈ ತಿಂಗಳಿಡೀ ರಾತ್ರಿಯ ಮೌಲ್ಯಗಳು ತೀರ ಋಣಾತ್ಮಕವಾಗಿ ಬಂದವು, ಹಗಲಿನಲ್ಲಿ ಮೇಲೆದ್ದವು. ದಿನರಾತ್ರಿಯ ಚೆಲುವಾದ ಏರಿಳಿತವೆಂದು ನಾವು ಸಂತೋಷಪಟ್ಟೆವು. ನಿಜವಾಗಿ ಆಗುತ್ತಿದ್ದದ್ದು ಇಷ್ಟೆ: ತಣ್ಣನೆಯ ಆ ಗೇಣಿನಲ್ಲಿ ಹನಿ ಕಟ್ಟುವಾಗ ಭಾರದ ಅಣುಗಳು ಮೊದಲು ಅಲ್ಲಿ ಉಳಿದು, ಹಗುರವಾದ ಆವಿ ಯಂತ್ರ ತಲುಪುತ್ತಿತ್ತು, ಬಿಸಿಲೇರಿದ ಮೇಲೆ ಅದೇ ಹನಿಗಳು ಆರಿ ಭಾರದ ಆವಿಯನ್ನು ಕಳಿಸುತ್ತಿದ್ದವು. ಕೊನೆಗೆ ಕಳ್ಳನನ್ನು ಹಿಡಿದುಕೊಟ್ಟದ್ದು ಐಸೋಟೋಪ್ ಅಲ್ಲ, ತೇವಾಂಶ. ತಾರಸಿಯ ಸಂವೇದಕ ಏರಿಳಿಯುತ್ತಿದ್ದಾಗ ಯಂತ್ರದ ತೇವಾಂಶ ಒಂದು ಮಟ್ಟಕ್ಕೆ ಬಂದು ಮೇಜಿನಂತೆ ಸಪಾಟಾಗಿ ನಿಂತಿತ್ತು. ಇವೆರಡರ ನಕ್ಷೆಯನ್ನು ಒಂದರ ಮೇಲೊಂದು ಇಟ್ಟು ನೋಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಿ.

ಆದುದರಿಂದ ಕೊಳವೆಯ ತುದಿಯಿಂದ ಯಂತ್ರದ ಬಾಯಿಯವರೆಗೆ ಎಲ್ಲ ಜೋಡಣೆಗಳೂ ಸೇರಿ 45ರಿಂದ 60 ಡಿಗ್ರಿಯಷ್ಟು ಬೆಚ್ಚಗಿರಲಿ, ಮೇಲೆ ಉಷ್ಣ ತಡೆಯುವ ಸ್ಪಾಂಜು ಕೊಳವೆ ತೊಡಿಸಿ. ಕೊಳವೆಗೆ ತಾಮ್ರ, ಸ್ಟೀಲು ಅಥವಾ ಪಿಎಫ್‌ಎ ಜಾತಿಯ ಟೆಫ್ಲಾನ್ ಬಳಸಿ. ನೈಲಾನ್ ಮತ್ತು ರಬ್ಬರು ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುವುದರಿಂದ ನಿನ್ನೆಯ ಗಾಳಿಯ ನೆನಪು ಇಂದಿನ ಅಂಕಿಯಲ್ಲಿ ಉಳಿಯುತ್ತದೆ. ಈ ನೆನಪು ಆಮ್ಲಜನಕಕ್ಕಿಂತ ಡ್ಯುಟೀರಿಯಮ್ಮಿನಲ್ಲಿ ಜಾಸ್ತಿ.

ಸೆಳೆತದ ವೇಗವನ್ನೂ ಲೆಕ್ಕ ಹಾಕಿ. ನಾಲ್ಕು ಮಿಲಿಮೀಟರ್ ಒಳವ್ಯಾಸದ ಹತ್ತು ಮೀಟರ್ ಕೊಳವೆಯಲ್ಲಿ ಸುಮಾರು 125 ಮಿಲಿಲೀಟರ್ ಗಾಳಿ ಹಿಡಿಯುತ್ತದೆ. ಯಂತ್ರ ತಾನಾಗಿ ಸೆಳೆಯುವುದು ನಿಮಿಷಕ್ಕೆ ಕೆಲವು ಹತ್ತು ಮಿಲಿಲೀಟರ್ ಮಾತ್ರ, ಹಾಗಾಗಿ ಗಾಳಿ ಬಂದು ಮುಟ್ಟಲು ಮೂರು ನಾಲ್ಕು ನಿಮಿಷ ಬೇಕು. ಬೇರೊಂದು ಪಂಪಿನಿಂದ ನಿಮಿಷಕ್ಕೆ ಐದು ಲೀಟರ್ ಸೆಳೆದು, ಯಂತ್ರದ ಬಾಯಿಯ ಹತ್ತಿರ ಕವಲು ಕೊಟ್ಟರೆ ಅದು ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ಹೊರತುದಿಗೆ ಮಗುಚಿದ ಕೊಳಗದಂತಹ ಮಳೆಮುಚ್ಚಳ, ಅದರೊಳಗೆ ಸಣ್ಣ ಕಣ್ಣಿನ ಸ್ಟೀಲಿನ ಜಾಲರಿ ಇರಲಿ. ಜಾಲರಿ ಹಾಕದ ಒಂದು ಬೇಸಿಗೆಯಲ್ಲಿ ಕಣಜವೊಂದು ಅದರೊಳಗೆ ಮಣ್ಣಿನ ಗೂಡು ಕಟ್ಟಿ ನಮಗೆ ಬುದ್ಧಿ ಕಲಿಸಿತು.

ಮೂರನೆಯ ಹೆಜ್ಜೆ: ಕೋಣೆ ಮತ್ತು ವಿದ್ಯುತ್ತು

ಏಸಿಯನ್ನು 25 ಡಿಗ್ರಿಗೆ ಇಡಿ, ಅದರ ಗಾಳಿ ನೇರವಾಗಿ ಯಂತ್ರಕ್ಕೆ ಬೀಸದಿರಲಿ. ಯಂತ್ರ ಮತ್ತು ಪಂಪು ಎರಡನ್ನೂ ಯುಪಿಎಸ್‌ಗೆ ಜೋಡಿಸಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೊದಲೇ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಬಹಳ ಹೊತ್ತು ನಿಲ್ಲಿಸಬೇಕಾದಾಗ ಒಣ ಗಾಳಿಯನ್ನು ಅರ್ಧ ಗಂಟೆ ಹಾಯಿಸಿ ಕುಹರವನ್ನು ಒಣಗಿಸಿಯೇ ಆರಿಸಿ.

ನಾಲ್ಕನೆಯ ಹೆಜ್ಜೆ: ಮಾನಕ ನೀರು

ಅಂತರರಾಷ್ಟ್ರೀಯ ಮಾನಕಗಳು ದುಬಾರಿ, ಪ್ರಮಾಣವೂ ಅಲ್ಪ. ಅವುಗಳನ್ನು ನಮ್ಮದೇ ಕೆಲಸದ ಮಾನಕಗಳಿಗೆ ಬೆಲೆ ಕಟ್ಟಲು ಮಾತ್ರ ಬಳಸಬೇಕು. ಮೇಲ್ತುದಿಯ ಸಾಗರ ನೀರಿನ ಮಾನಕದ ಡೆಲ್ಟಾ ಶೂನ್ಯ. ಕೆಳತುದಿಯ ಅಂಟಾರ್ಕ್ಟಿಕದ ನೀರಿನ ಡೆಲ್ಟಾ-18 ಮೌಲ್ಯ ‰ ಲೆಕ್ಕದಲ್ಲಿ −55.5, ಡೆಲ್ಟಾ-ಡಿ −427.5. ನಮ್ಮ ನೀರಾವಿ ಸಾಮಾನ್ಯವಾಗಿ −10 ಮತ್ತು −20‰ರ ನಡುವೆ ಬೀಳುವುದರಿಂದ, ಅದನ್ನು ಎರಡು ಕಡೆಯಿಂದಲೂ ಆವರಿಸುವಂತೆ ಒಂದು ಮಾನಕ ಶೂನ್ಯದ ಬಳಿ, ಇನ್ನೊಂದು −25‰ಗಿಂತ ಕೆಳಗೆ, ಪರೀಕ್ಷೆಗೆ ಮೂರನೆಯದು ನಡುವೆ ಇರಬೇಕು. ಕಾವೇರಿ ನೀರನ್ನು ಸೋಸಿ ಮಾಡಿದ ಮಾನಕವೊಂದೇ ಸಾಲದು, ಅದು ಮೇಲ್ತುದಿಗೆ ಮಾತ್ರ ಹತ್ತಿರ. ಕೆಳತುದಿಗೆ ಹಿಮದ ನೀರೇ ಬೇಕು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂತಹ, ಐಸೋಟೋಪ್ ಕೆಲಸ ನಡೆಯುವ ಕಡೆ ವಿಚಾರಿಸುವುದು ಒಳ್ಳೆಯದು. ಬಾಟಲಿಗಳನ್ನು ಕಂಠದವರೆಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ತಂಪಿನಲ್ಲಿಡಿ. ಅರ್ಧ ಖಾಲಿಯಾದ ಬಾಟಲಿಯನ್ನು ಮಾನಕವೆಂದು ನಂಬಬೇಡಿ.

ಐದನೆಯ ಹೆಜ್ಜೆ: ತೇವಾಂಶದ ವಕ್ರರೇಖೆ

ಒಂದೇ ನೀರನ್ನು 5,000 ಪಿಪಿಎಂನಲ್ಲಿ ಕೊಟ್ಟರೆ ಒಂದು ಡೆಲ್ಟಾ, 20,000ದಲ್ಲಿ ಕೊಟ್ಟರೆ ಇನ್ನೊಂದು ಡೆಲ್ಟಾ ಕಾಣುತ್ತದೆ. ಇದು ಯಂತ್ರದ ಗುಣ. ಪ್ರತಿ ಯಂತ್ರಕ್ಕೂ ಬೇರೆ. ಮಾಗಿಯ ಒಣ ಮಧ್ಯಾಹ್ನ ಮೈಸೂರಿನಲ್ಲಿ ಇಬ್ಬನಿ ಬಿಂದು ಹತ್ತು ಡಿಗ್ರಿಗೆ ಇಳಿದರೆ ಗಾಳಿಯಲ್ಲಿರುವುದು 13,000 ಪಿಪಿಎಂ, ಮುಂಗಾರಿನಲ್ಲಿ 25,000. ಈ ತಿದ್ದುಪಡಿ ಮಾಡದಿದ್ದರೆ ಋತುಮಾನದ ಬದಲಾವಣೆಯೆಂದು ನೀವು ಬರೆಯುವುದರಲ್ಲಿ ಯಂತ್ರದ ಪಾಲು ಎಷ್ಟೆಂದು ಹೇಳಲಾಗದು.

ಸಿರಿಂಜ್ ಪಂಪಿನಿಂದ ಮಾನಕ ನೀರನ್ನು ಬಿಸಿ ಮಾಡಿದ ವೇಪೊರೈಸರಿಗೆ ಸಣ್ಣಗೆ ಬಿಡುತ್ತಾ, ಅದು ಒಂದು ಹನಿಯೂ ಉಳಿಯದಂತೆ ಆವಿಯಾಗಿ ಒಣ ಗಾಳಿಯೊಡನೆ ಬೆರೆಯುವಂತೆ ಮಾಡಿ. ಪೂರ್ತಿ ಆವಿಯಾದಾಗ ಮಾತ್ರ ಆವಿಯ ಡೆಲ್ಟಾ ನೀರಿನ ಡೆಲ್ಟಾಗೆ ಸಮ. ನೀರಿನ ಪ್ರಮಾಣವನ್ನು ಬದಲಿಸಿ 5,000, 8,000, 12,000, 16,000, 20,000, 25,000 ಮತ್ತು ಸಾಧ್ಯವಾದರೆ 28,000 ಪಿಪಿಎಂಗಳಲ್ಲಿ ತಲಾ ಇಪ್ಪತ್ತರಿಂದ ಮೂವತ್ತು ನಿಮಿಷ ಅಳೆಯಿರಿ. ಪ್ರತಿ ಹಂತದ ಮೊದಲ ಅರ್ಧವನ್ನು ಬಿಟ್ಟು, ಉಳಿದರ್ಧದ ಸರಾಸರಿ ತೆಗೆದುಕೊಳ್ಳಿ. 20,000ದ ಮೌಲ್ಯದಿಂದ ಉಳಿದವು ಎಷ್ಟು ದೂರವಿವೆಯೆಂದು ವಕ್ರರೇಖೆ ಎಳೆಯಿರಿ. ಇದನ್ನು ಕನಿಷ್ಠ ಎರಡು ಮಾನಕಗಳಿಂದ ಮಾಡಬೇಕು, ಏಕೆಂದರೆ ಕಡಿಮೆ ತೇವಾಂಶದಲ್ಲಿ ರೇಖೆಯ ಆಕಾರ ನೀರಿನ ಡೆಲ್ಟಾವನ್ನೂ ಅವಲಂಬಿಸುತ್ತದೆ.

ಒಣ ಗಾಳಿ ನಿಜವಾಗಿ ಒಣಗಿದೆಯೇ? ತೇವ ಹೀರುವ ಹರಳಿನ ಕಂಬದಿಂದ 200 ಪಿಪಿಎಂ ಆವಿ ತಪ್ಪಿಸಿಕೊಂಡು ಬಂತೆನ್ನಿ. 5,000 ಪಿಪಿಎಂನಲ್ಲಿ ಅದು ನೂರಕ್ಕೆ ನಾಲ್ಕು ಪಾಲು. ಮಾನಕ −1‰, ತಪ್ಪಿಸಿಕೊಂಡ ಆವಿ −15‰ ಆಗಿದ್ದರೆ ಫಲಿತಾಂಶ 0.56‰ ಕೆಳಗಿಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ಹರಳು ಬಣ್ಣ ಬದಲಿಸುವುದು ಲೆಕ್ಕಕ್ಕಿಂತ ಬೇಗ. ಎರಡು ಕಂಬಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಮೊದಲನೆಯದು ಪೂರ್ತಿ ಬಣ್ಣ ಬದಲಿಸುವ ಮುನ್ನವೇ ತೆಗೆದುಬಿಡಿ.

ಆರನೆಯ ಹೆಜ್ಜೆ: ಮಾಪಕಕ್ಕೆ ಕೂಡಿಸುವುದು

ತೇವಾಂಶದ ತಿದ್ದುಪಡಿಯ ನಂತರ ಎರಡು ಮಾನಕಗಳ ನಡುವೆ ಸರಳರೇಖೆ ಎಳೆಯಬೇಕು. ಕಲ್ಪಿತ ಅಂಕಿಗಳಿಂದ ತೋರಿಸುತ್ತೇನೆ. ಮೇಲಿನ ಮಾನಕದ ನಿಜವಾದ ಡೆಲ್ಟಾ-18 −1.00, ಯಂತ್ರ ಹೇಳಿದ್ದು −0.40, ಕೆಳಗಿನದು ನಿಜವಾಗಿ −25.00, ಯಂತ್ರ ಹೇಳಿದ್ದು −24.10. ಇಳಿಜಾರು 24.00 ಭಾಗ 23.70, ಅಂದರೆ 1.0127, ಯಂತ್ರದ ಓದು ಶೂನ್ಯವಿದ್ದಾಗ ರೇಖೆ ಕೊಡುವ ಅಂಕಿ −0.595. ಗಾಳಿಯ ಓದು −14.00 ಆಗಿದ್ದರೆ ತಿದ್ದಿದ ಮೌಲ್ಯ −14.77. ಡೆಲ್ಟಾ-ಡಿಯಲ್ಲಿ ಮಾನಕಗಳು ನಿಜವಾಗಿ −4 ಮತ್ತು −190, ಯಂತ್ರ ಹೇಳಿದ್ದು −6 ಮತ್ತು −188 ಎಂದಿಟ್ಟುಕೊಂಡರೆ, ಗಾಳಿಯ −104.0 ಎಂಬ ಓದು −104.15 ಆಗುತ್ತದೆ. ಡೆಲ್ಟಾ-ಡಿ ಹೆಚ್ಚೇನೂ ಕದಲಲಿಲ್ಲ. ಆದರೆ ಡ್ಯುಟೀರಿಯಂ ಅಧಿಕಾಂಶ ತಿದ್ದುವ ಮೊದಲು 8, ತಿದ್ದಿದ ಮೇಲೆ 14. ಮೊದಲನೆಯದನ್ನು ನಂಬಿದವರು ಆವಿಯ ಮೂಲದ ಬಗ್ಗೆ ಒಂದು ಕಥೆ ಹೇಳುತ್ತಿದ್ದರು, ಎರಡನೆಯದನ್ನು ನಂಬಿದವರು ಬೇರೆಯೇ ಕಥೆ ಹೇಳುತ್ತಾರೆ.

ಅಧಿಕಾಂಶದಲ್ಲಿ ಡೆಲ್ಟಾ-18ರ ತಪ್ಪು ಎಂಟು ಪಟ್ಟಾಗಿ ಸೇರುತ್ತದೆಂಬುದೇ ಇದರ ಮರ್ಮ. ಡೆಲ್ಟಾ-18ರಲ್ಲಿ 0.1‰, ಡೆಲ್ಟಾ-ಡಿಯಲ್ಲಿ 0.5‰ ಅನಿಶ್ಚಿತತೆ ಇದ್ದರೆ ಅಧಿಕಾಂಶದ ಅನಿಶ್ಚಿತತೆ 0.94‰. ಸಮಯವೂ ಶ್ರಮವೂ ಮಿತವಾಗಿದ್ದರೆ ಎರಡನ್ನೂ ಡೆಲ್ಟಾ-18 ಸುಧಾರಿಸಲು ಖರ್ಚು ಮಾಡಿ.

ದಿನಚರಿ ಹೀಗಿರಲಿ: ಹನ್ನೆರಡು ಗಂಟೆಗೊಮ್ಮೆ ಎರಡು ಮಾನಕಗಳು, ತಲಾ ಅರ್ಧ ಗಂಟೆ, ಆ ಹೊತ್ತಿನ ಗಾಳಿಯ ತೇವಾಂಶಕ್ಕೆ ಹತ್ತಿರದ ಮಟ್ಟದಲ್ಲಿ. ನಡುವಿನ ಮಾನಕ ವಾರಕ್ಕೊಮ್ಮೆ, ಅದನ್ನು ಅಪರಿಚಿತ ಮಾದರಿಯಂತೆ ಲೆಕ್ಕ ಹಾಕಿ ನಿಜಬೆಲೆ ಬಂತೇ ನೋಡಲು. ವಕ್ರರೇಖೆಯನ್ನು ಋತುವಿಗೊಮ್ಮೆ, ಯಂತ್ರ ರಿಪೇರಿಯಾದಾಗಲೆಲ್ಲ ಹೊಸದಾಗಿ ತೆಗೆಯಿರಿ.

ಏಳನೆಯ ಹೆಜ್ಜೆ: ಹೊರಗಿನ ಸಾಕ್ಷಿ

ಮಾನಕ ನೀರು ವೇಪೊರೈಸರಿನಿಂದ ಮುಂದಿನ ಭಾಗವನ್ನು ಮಾತ್ರ ಪರೀಕ್ಷಿಸುತ್ತದೆ, ತಾರಸಿಯ ಕೊಳವೆಯನ್ನಲ್ಲ. ಅದಕ್ಕೆ ಹಳೆಯ ಕಾಲದ ವಿಧಾನವೇ ಬೇಕು: ಹೊರಗಾಳಿಯನ್ನು ಗಾಜಿನ ಬಲೆಯ ಮೂಲಕ ಎಳೆದು, ಆವಿಯನ್ನೆಲ್ಲ ಹೆಪ್ಪುಗಟ್ಟಿಸಿ, ಕರಗಿಸಿ, ನೀರಾಗಿ ಅಳೆಯುವುದು. ಇಬ್ಬನಿ ಬಿಂದು 20 ಡಿಗ್ರಿ ಇದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 17 ಗ್ರಾಂ ನೀರಿರುತ್ತದೆ. ನಿಮಿಷಕ್ಕೆ ಅರ್ಧ ಲೀಟರಿನಂತೆ ಎರಡು ಗಂಟೆ ಎಳೆದರೆ ಒಂದು ಗ್ರಾಂ ಸಿಗುತ್ತದೆ, ಅಷ್ಟು ಸಾಕು.

ಬಲೆಯನ್ನು ಒಣ ಮಂಜುಗಡ್ಡೆ ಮತ್ತು ಎಥೆನಾಲಿನ ಮಿಶ್ರಣದಲ್ಲಿ ಮುಳುಗಿಸಿದರೆ −78 ಡಿಗ್ರಿ ದೊರೆಯುತ್ತದೆ. ಒಣ ಮಂಜುಗಡ್ಡೆ ಸಿಗದಿದ್ದರೆ ಹಸುಗಳ ಕೃತಕ ಗರ್ಭಧಾರಣೆಯ ವೀರ್ಯಕಡ್ಡಿಗಳನ್ನು ಇಡಲು ಬಳಸುವ ದ್ರವ ಸಾರಜನಕ ನಮ್ಮ ಕಡೆ ಪರಿಚಿತ ವಸ್ತುವೇ. ಆದರೆ ಎಚ್ಚರ: ಬಲೆಯನ್ನು ನೇರವಾಗಿ ದ್ರವ ಸಾರಜನಕದಲ್ಲಿ ಅದ್ದಿ ಗಾಳಿ ಎಳೆಯಬಾರದು. ಸಾರಜನಕ ಕುದಿಯುವುದು −196 ಡಿಗ್ರಿಯಲ್ಲಿ, ಆಮ್ಲಜನಕ ದ್ರವವಾಗುವುದು −183ರಲ್ಲಿ. ಬಲೆಯೊಳಗೆ ದ್ರವ ಆಮ್ಲಜನಕ ಶೇಖರವಾಗಿ ಸ್ಫೋಟದ ಅಪಾಯವಿದೆ. ದ್ರವ ಸಾರಜನಕವನ್ನು ಎಥೆನಾಲಿಗೆ ಸ್ವಲ್ಪ ಸ್ವಲ್ಪವಾಗಿ ಸುರಿದು −80ರಿಂದ −100 ಡಿಗ್ರಿಯ ನಡುವೆ ಹಿಡಿದಿಡಿ. ಕನ್ನಡಕ, ಕೈಗವಸು, ತೆರೆದ ಕಿಟಕಿ ಇರಲಿ, ಹತ್ತಿರ ಬೆಂಕಿ ಬೇಡ. ಮೊದಲ ಬಲೆಯ ಹಿಂದೆ ಎರಡನೆಯ ಬಲೆ ಇಟ್ಟು, ಅದರಲ್ಲಿ ಏನೂ ಹಿಡಿಯಲಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಏಕೆಂದರೆ ಅರೆಬರೆ ಹಿಡಿದ ಆವಿ ಸುಳ್ಳು ಹೇಳುತ್ತದೆ. ಬಲೆಯ ನೀರಿಗೂ ಅದೇ ಎರಡು ಗಂಟೆಗಳ ಯಂತ್ರದ ಸರಾಸರಿಗೂ ತಾಳೆಯಾಗಬೇಕು. ಸರಾಸರಿ ತೆಗೆಯುವಾಗ ತೇವಾಂಶದ ತೂಕ ಹಾಕುವುದನ್ನು ಮರೆಯಬೇಡಿ.

ಸುಲಭವಾದ ಇನ್ನೊಂದು ಸಾಕ್ಷಿಯನ್ನು ಮಳೆಯೇ ಕೊಡುತ್ತದೆ. ಜಡಿಮಳೆ ಗಂಟೆಗಟ್ಟಲೆ ಹಿಡಿದಾಗ ನೆಲದ ಬಳಿಯ ಆವಿ ಮಳೆನೀರಿನೊಡನೆ ಸಮತೋಲಕ್ಕೆ ಬರುವತ್ತ ಸಾಗುತ್ತದೆ. 20 ಡಿಗ್ರಿಯಲ್ಲಿ ಆವಿ ನೀರಿಗಿಂತ ಡೆಲ್ಟಾ-18ರಲ್ಲಿ ಸುಮಾರು 9.8‰ ಕೆಳಗಿರಬೇಕು. ಮಳೆ −4 ಇದ್ದಾಗ ಯಂತ್ರ −13.7ರ ಆಸುಪಾಸು ತೋರಿಸಿದರೆ ಸಮಾಧಾನ. −18 ತೋರಿಸಿದರೆ ಮೊದಲು ಕೊಳವೆಯನ್ನು ಮುಟ್ಟಿ ನೋಡಿ.

ಎಂಟನೆಯ ಹೆಜ್ಜೆ: ದಾಖಲೆ

ಕಚ್ಚಾ ಕಡತಗಳನ್ನು ತಿದ್ದದೆ ಹಾಗೆಯೇ ಇಡಿ. ತಿದ್ದುಪಡಿಗಳನ್ನೆಲ್ಲ ಬೇರೆ ಪ್ರೋಗ್ರಾಮಿನಲ್ಲಿ, ಹಂತ ಹಂತವಾಗಿ, ಮತ್ತೆ ಓಡಿಸಬಹುದಾದಂತೆ ಬರೆಯಿರಿ. ಮಾನಕ ಕೊಟ್ಟ ಅವಧಿ, ಅದರ ನಂತರದ ಹತ್ತು ನಿಮಿಷ, ಕುಹರದ ಒತ್ತಡ ಕದಲಿದ ಕ್ಷಣಗಳು, ವಿದ್ಯುತ್ ಹೋಗಿ ಬಂದ ಮೇಲಿನ ಮೊದಲ ಗಂಟೆ, ಇವುಗಳಿಗೆ ಗುರುತು ಹಾಕಿ ಲೆಕ್ಕದಿಂದ ಬಿಡಿ, ಆದರೆ ಅಳಿಸಬೇಡಿ. ಉಳಿದದ್ದನ್ನು ಹದಿನೈದು ನಿಮಿಷದ ಅಥವಾ ಗಂಟೆಯ ಸರಾಸರಿಗೆ ಇಳಿಸಿ. ಯಂತ್ರದ ಗಡಿಯಾರವೂ ಹವಾಮಾನ ಸಂವೇದಕದ ಗಡಿಯಾರವೂ ಒಂದೇ ಸಮಯ ತೋರಿಸುತ್ತಿರಲಿ. ಒಂದು ಭಾರತೀಯ ಕಾಲಮಾನದಲ್ಲಿ, ಇನ್ನೊಂದು ಗ್ರೀನಿಚ್ ಕಾಲಮಾನದಲ್ಲಿ ಓಡಿದರೆ ಐದೂವರೆ ಗಂಟೆಯ ಅಂತರದಲ್ಲಿ ಬೆಳಗಿನ ಇಬ್ಬನಿ ಮಧ್ಯಾಹ್ನಕ್ಕೆ ಬಂದು ಕೂರುತ್ತದೆ.

ಯಂತ್ರದ ಪಕ್ಕದಲ್ಲಿ ಗಟ್ಟಿರಟ್ಟಿನ ಒಂದು ನೋಟುಪುಸ್ತಕ ಇರಲಿ. ಹರಳು ಬದಲಿಸಿದ ದಿನ, ಮಾನಕದ ಬಾಟಲಿ ತೆರೆದ ದಿನ, ಫಿಲ್ಟರ್ ಬದಲಿಸಿದ್ದು, ಪಕ್ಕದ ಹೊಲದಲ್ಲಿ ಕಬ್ಬಿನ ತರಗಿಗೆ ಬೆಂಕಿಯಿಟ್ಟದ್ದು, ನಾಲೆಗೆ ನೀರು ಬಿಟ್ಟದ್ದು, ಎಲ್ಲವನ್ನೂ ಹೊತ್ತಿನ ಸಮೇತ ಅದರಲ್ಲಿ ಬರೆಯಿರಿ.